ಒಲೆಯ ಪಕ್ಕ ಕೂತವಳನ್ನು ಕಳಿಸಿಕೊಟ್ಟ ಚಳಿಗಾಲ

ಜಪಾನಿನ ಗ್ಯೋಟೋಕುವಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಅರ್ಧ ಬಾಯಿ ಜೋಮು ಹಿಡಿಸಿಕೊಂಡು ಸ್ಟೇಷನ್ನಿನ ಕಡೆ ನಡೆಯುತ್ತಿದ್ದೆ. ಸೀಮೆಎಣ್ಣೆ ಮಾರುವ ಪುಟ್ಟ ಲಾರಿ ಎಂದಿನ ರಾಗ ಬಾರಿಸುತ್ತ ಬಂದು ಮೂಲೆಯಲ್ಲಿ ನಿಂತಿತು. ಒಬ್ಬ ಅಜ್ಜಿ ಕೆಂಪು ಡಬ್ಬ ಹಿಡಿದು ಬಂದರು. ಎಣ್ಣೆ ತುಂಬುವಾಗ ನಾಲ್ಕು ಹನಿ ರಸ್ತೆಗೆ ಚೆಲ್ಲಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಂಬಿನಿ ಅಂಗಡಿಯ ಗೋಡೆಗೆ ಒರಗಿ ನಿಂತುಬಿಟ್ಟೆ. ಒಳಗಿದ್ದ ಹುಡುಗಿ ಓಡಿ ಬಂದು ಹುಷಾರಾಗಿದ್ದೀರಾ ಎಂದು ಕೇಳಿದಳು. ಹಲ್ಲು ನೋವು ಎಂದು ಸುಳ್ಳು ಹೇಳಿದೆ.

ನಾವೀಗ ಇರುವುದು ಫುನಾಬೊರಿಯ ಹನ್ನೊಂದನೇ ಮಹಡಿಯಲ್ಲಿ. ಗುಂಡಿ ಒತ್ತಿದರೆ ಬಿಸಿ, ಗುಂಡಿ ಒತ್ತಿದರೆ ತಂಪು. ಎಂಟು ವರ್ಷದ ಹಿಂದೆ ಹೀಗಿರಲಿಲ್ಲ. ಗ್ಯೋಟೋಕುವಿನ ಹಳೆಯ ಎರಡಂತಸ್ತಿನ ಮರದ ಕಟ್ಟಡದಲ್ಲಿ ಮೇಲಿನ ಮನೆ ನಮ್ಮದು. ನಾನು, ನನ್ನ ಗಂಡ ಮುರಳಿ, ಹತ್ತು ವರ್ಷದ ಮಗಳು ಅದಿತಿ. ಕೆಳಗೆ ಮನೆಯ ಮಾಲೀಕರು ಕುರಿಹಾರ-ಸಾನ್, ಅಂದರೆ ಕುರಿಹಾರ ಅವರು, ಒಬ್ಬರೇ ಇದ್ದರು. ಹೈಸ್ಕೂಲಿನಲ್ಲಿ ಪ್ರಪಂಚದ ಇತಿಹಾಸ ಕಲಿಸಿ ನಿವೃತ್ತರಾದ, ಎಪ್ಪತ್ತು ದಾಟಿದ ಸಣಕಲು ಮನುಷ್ಯ. ಆ ಚಳಿಗಾಲದಲ್ಲಿ ಕಿಟಕಿಯ ಸಂದಿಯಿಂದ ಗಾಳಿ ನುಗ್ಗಿ ನಮ್ಮ ಹಲ್ಲು ಕಟಕಟ ಎನ್ನುವುದು ಅವರಿಗೆ ಕೇಳಿಸಿತೋ ಏನೋ, ತಮ್ಮದೊಂದು ಸೀಮೆಎಣ್ಣೆ ಒಲೆಯನ್ನು ಹೊತ್ತು ಮೆಟ್ಟಿಲು ಹತ್ತಿ ಬಂದರು. ಕೋಣೆ ಕಾಯಿಸುವ, ಮೇಲೆ ಕೆಟಲ್ ಇಟ್ಟರೆ ನೀರೂ ಕಾಯಿಸುವ ದುಂಡನೆಯ ಒಲೆ. ಗಂಟೆಗೊಮ್ಮೆ ಕಿಟಕಿ ತೆರೆಯಬೇಕು, ಉರಿಯುವಾಗ ಬಿಟ್ಟು ಹೊರಗೆ ಹೋಗಬಾರದು ಎಂದು ಮೂರು ಸಲ ಹೇಳಿದರು. ಕೊನೆಗೆ ನಗುತ್ತ ಇನ್ನೇನೋ ಹೇಳಿದರು. ಮಗಳನ್ನು ಕೇಳಿದೆ.

"ಮನೇಲಿ ಬೆಂಕಿ ಇದ್ರೆ ದೇವ್ರು ಇದ್ದಂಗಂತೆ. ಜಾಪನೀಸ್ ಅಲ್ಲ, ಗ್ರೀಕ್ ಪೀಪಲ್ ಹಂಗಂತಿದ್ರಂತೆ" ಅಂದಳು.

ಹೀಗೆ ನಮ್ಮ ಮನೆಗೆ ಒಲೆಯ ಜೊತೆ ಗ್ರೀಕರೂ ಬಂದರು. ನಾನು ಮನೆಯಿಂದಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೆ, ಆರರವರೆಗೆ ತಲೆ ಎತ್ತಲು ಪುರುಸೊತ್ತಿಲ್ಲ. ಅದಿತಿ ಸ್ಕೂಲಿನಿಂದ ಬಂದವಳು ಕುರಿಹಾರ-ಸಾನ್ ಕೋಣೆಯಲ್ಲಿ ಕೂರುತ್ತಿದ್ದಳು. ಆ ಕೋಣೆಯ ಗೋಡೆಯಲ್ಲಿ ಚೂರುಚೂರು ದ್ವೀಪಗಳಿರುವ ಒಂದು ನೀಲಿ ಸಮುದ್ರದ ನಕ್ಷೆ. ಅವರು ಜಪಾನಿಯಲ್ಲಿ ಹೇಳಿದ್ದನ್ನು ಸಂಜೆ ನಾನು ಹುರುಳಿಕಾಯಿ ಹೆಚ್ಚುವಾಗ ಅವಳು ತನ್ನ ಕಲಸುಮೇಲೋಗರದಲ್ಲಿ ನನಗೆ ಬಡಿಸುತ್ತಿದ್ದಳು.

"ಅಮ್ಮಾ, ಅವ್ರಿಗೆ ಒಲೆನೇ ಗಾಡೆಸ್. ಬೇಬಿ ಹುಟ್ಟಿದ್ರೆ ಎತ್ಕೊಂಡು ಒಲೆ ಸುತ್ತ ಓಡ್ಬೇಕು. ಆಮೇಲೇ ಅದು ಮನೆಯವ್ರ ಬೇಬಿ."

ಇನ್ನೊಂದು ದಿನ ಬಲಿಯ ಕಥೆ. ಎತ್ತಿಗೆ ಹೂವಿನ ಹಾರ ಹಾಕಿ ಮೆರವಣಿಗೆಯಲ್ಲಿ ಕರೆತರುತ್ತಾರೆ. ಒಬ್ಬ ಹುಡುಗಿ ತಲೆಯ ಮೇಲೆ ಬಾರ್ಲಿಯ ಬುಟ್ಟಿ ಹೊತ್ತಿರುತ್ತಾಳೆ, ಬಾರ್ಲಿಯ ಅಡಿಯಲ್ಲಿ ಎತ್ತಿಗೆ ಕಾಣದ ಹಾಗೆ ಕತ್ತಿ. ಎತ್ತಿನ ತಲೆಗೆ ನೀರು ಚಿಮುಕಿಸಿ ಕಾಳು ಎರಚುತ್ತಾರೆ. ಅದು ತಲೆ ಆಡಿಸಿದರೆ ಒಪ್ಪಿತು ಎಂದು ಲೆಕ್ಕ. ಕೊಡಲಿ ಬೀಳುವ ಹೊತ್ತಿಗೆ ಹೆಂಗಸರೆಲ್ಲ ಒಟ್ಟಿಗೆ ಕೂಗು ಹಾಕುತ್ತಾರೆ. ಇದರಲ್ಲೇನು ಹೊಸದು, ನಮ್ಮಲ್ಲೂ ಮಾರಿಗೆ ಕಡಿಯುವ ಕುರಿಯ ಮೇಲೆ ತೀರ್ಥ ಹಾಕಿ ಅದು ಮೈ ಕೊಡವುವವರೆಗೆ ಕಾಯುತ್ತಾರೆ ಎಂದೆ.

"ಬಟ್ ಅಮ್ಮಾ, ನೀರು ಬಿದ್ರೆ ಯಾರಾದ್ರೂ ತಲೆ ಆಡಿಸ್ತಾರಲ್ವಾ? ಅದು ಯೆಸ್ ಹೆಂಗಾಗತ್ತೆ?" ಅಂದಳು. ಹುರುಳಿಕಾಯಿಯ ನಾರು ತೆಗಿ, ಸಾಕು ಎಂದೆ.

ಕುರಿಹಾರ-ಸಾನ್ ಏನನ್ನೂ ಸಕ್ಕರೆ ಸವರಿ ಹೇಳುವವರಲ್ಲ. ಓಟು ಹಾಕುವುದನ್ನು ಲೋಕಕ್ಕೆ ಕಲಿಸಿದ ಅಥೆನ್ಸ್ ಊರಿನವರೇ ಹೆಂಗಸರನ್ನು ಒಳಕೋಣೆಯಲ್ಲಿ ಇಟ್ಟಿದ್ದರು, ಸಂತೆಯಲ್ಲಿ ಮನುಷ್ಯರನ್ನು ಮಾರುತ್ತಿದ್ದರು, ಮಾತು ಕೇಳದ ಒಂದು ದ್ವೀಪದ ಗಂಡಸರನ್ನೆಲ್ಲ ಕೊಂದು ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು ಎಂದೆಲ್ಲ ಹೇಳಿದ್ದರು. ನನಗೆ ಪಿತ್ತ ನೆತ್ತಿಗೇರಿತು. ಹತ್ತು ವರ್ಷದ ಮಗುವಿಗೆ ಇದನ್ನೆಲ್ಲ ಹೇಳುವುದಾ ಎಂದು ಕೆಳಗಿಳಿದು ಹೋದೆ. ಅವರು ನನ್ನ ಅರೆಬರೆ ಜಪಾನಿ ಕೇಳಿ, ತಲೆ ಬಾಗಿಸಿ, ಮಕ್ಕಳಿಗೆ ಬರೀ ಸಿಹಿ ಕೊಟ್ಟರೆ ಹಲ್ಲು ಹಾಳಾಗುತ್ತದಲ್ಲ ಎಂದರು. ನಾನು ಸೋತು ವಾಪಸ್ಸು ಬಂದೆ.

ಆ ಕಥೆಗಳಲ್ಲಿ ಅದಿತಿಗೆ ಇಷ್ಟವಾದದ್ದು ಒಂದೇ. ಜೀವಭಯದಿಂದ ಓಡಿ ಬಂದವರು ಯಾರ ಮನೆಗಾದರೂ ನುಗ್ಗಿ ಒಲೆಯ ಪಕ್ಕ ಕೂತು ಮನೆಯವರ ಮೊಣಕಾಲು ಹಿಡಿದರೆ ಮುಗಿಯಿತು. ಅವರು ಶತ್ರುವೇ ಆಗಿರಲಿ, ಕೊಲೆಗಾರರೇ ಆಗಿರಲಿ, ಅವರನ್ನು ಎಳೆಯುವಂತಿಲ್ಲ, ಹಿಡಿದು ಕೊಡುವಂತಿಲ್ಲ. ದೇವರುಗಳ ರಾಜ ಝ್ಯೂಸ್ ಅವರ ಬೆನ್ನಿಗೆ ನಿಂತಿರುತ್ತಾನೆ. ನಮ್ಮ ಮನೆಯಲ್ಲಿ ಇದು ಆಟವಾಯಿತು. ಲೆಕ್ಕ ತಪ್ಪಿದ್ದಕ್ಕೆ ನಾನು ಕೈ ಎತ್ತಿದರೆ ಅವಳು ಒಲೆಯ ಬಳಿ ಕುಕ್ಕರಿಸಿ ನನ್ನ ಮೊಣಕಾಲು ತಬ್ಬಿ "ಟಚ್ ಮಾಡಂಗಿಲ್ಲ, ಒಲೆ ಹತ್ರ ಇದೀನಿ!" ಎಂದು ಕಿರುಚುತ್ತಿದ್ದಳು. ನಾನು ಎತ್ತಿದ ಕೈ ಇಳಿಸುತ್ತಿದ್ದೆ. ಆ ಚಳಿಗಾಲವಿಡೀ ಅವಳಿಗೆ ಒಂದೇಟೂ ಬೀಳಲಿಲ್ಲ.

ಇನ್ನು ನನ್ನ ಬಗ್ಗೆ ಹೇಳಬೇಕು. ಗ್ಯೋಟೋಕು ಸುತ್ತಮುತ್ತಲಿನ ಕನ್ನಡದವರಲ್ಲಿ ನನಗೆ ಪಂಚಾಯ್ತಿ ಗೀತಕ್ಕ ಎಂಬ ಹೆಸರಿತ್ತು. ಹಿಂದಿನಿಂದ ಆಡಿಕೊಳ್ಳುವುದು ಗೊತ್ತಿತ್ತು, ಒಳಗೊಳಗೆ ಹಿಗ್ಗೂ ಇತ್ತು. ಅತ್ತೆ ಬಂದು ಮೂರು ತಿಂಗಳಾದರೂ ಹೋಗುತ್ತಿಲ್ಲ, ರೂಮ್‌ಮೇಟು ಮೀನು ಹುರಿಯುತ್ತಾನೆ, ಗಂಡ ಮಾತು ಬಿಟ್ಟಿದ್ದಾನೆ, ಎಲ್ಲಕ್ಕೂ ನಮ್ಮ ಮನೆಯಲ್ಲಿ ಕಾಫಿ ಮತ್ತು ತೀರ್ಪು. ಅಂಥವರಲ್ಲಿ ಚೈತ್ರಾ ಒಬ್ಬಳು. ಮೈಸೂರಿನ ಹುಡುಗಿ, ಇಪ್ಪತ್ತೇಳು ವರ್ಷ, ಮದುವೆಯಾಗಿ ಬಂದು ವರ್ಷವಾಗಿತ್ತು. ಗಂಡ ನಿತಿನ್ ನಮ್ಮಿಂದ ಹತ್ತು ನಿಮಿಷದ ದಾರಿಯಲ್ಲಿ ಮನೆ ಮಾಡಿದ್ದ. ಯುಗಾದಿ ಕಾರ್ಯಕ್ರಮದ ನಿರೂಪಣೆ ಅವನದೇ, ಕುರ್ಚಿ ಜೋಡಿಸುವವನೂ ಅವನೇ. ಅಕ್ಕ ಅಕ್ಕ ಎಂದು ಬಾಯ್ತುಂಬ ಕರೆಯುತ್ತಿದ್ದ. ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಚೈತ್ರಾಳ ಎರಡು ಬೆರಳಿಗೆ ಪಟ್ಟಿ ಕಟ್ಟಿತ್ತು. ಟ್ರೇನಿನ ಬಾಗಿಲಿಗೆ ಸಿಕ್ಕಿತು ಎಂದಳು. ಇಲ್ಲಿಯ ಟ್ರೇನಿನ ಬಾಗಿಲು ಬೆರಳು ತಾಗಿದರೆ ಮತ್ತೆ ತೆರೆದುಕೊಳ್ಳುತ್ತದೆ ಎಂಬುದು ನನಗೆ ಗೊತ್ತಿತ್ತು. ಎಳ್ಳು ತಿಂದು ಸುಮ್ಮನಾದೆ.

ಜನವರಿಯ ಕೊನೆಯ ಭಾನುವಾರ, ಮಧ್ಯಾಹ್ನದ ಊಟ ಮುಗಿದಿತ್ತು. ಬಾಗಿಲು ದಬದಬ ಬಡಿದ ಸದ್ದು. ತೆರೆದರೆ ಚೈತ್ರಾ. ಕೋಟಿಲ್ಲ, ಚಪ್ಪಲಿಯಿಲ್ಲ, ಕಾಲುಚೀಲ ಒದ್ದೆಯಾಗಿ ಹರಿದಿದೆ. ಮೂಗಿನಿಂದ ಇಳಿದ ರಕ್ತ ಗಲ್ಲದ ಮೇಲೆ ಒಣಗಿದೆ. ಕಿವಿಯ ಓಲೆ ಎಳೆದು ಕಿವಿಯ ಹಾಲೆ ಸೀಳಿಹೋಗಿದೆ. ನನ್ನನ್ನು ದಾಟಿ ಒಳಗೆ ಬಂದವಳು ನೇರ ಒಲೆಯ ಪಕ್ಕ ಕುಸಿದು ಕೂತಳು. ನಾನು ಬಗ್ಗಿದಾಗ ನನ್ನ ಎರಡೂ ಮೊಣಕಾಲನ್ನು ಬಿಗಿಯಾಗಿ ತಬ್ಬಿಕೊಂಡಳು.

"ಗೀತಕ್ಕ, ನನ್ನ ಕಳಿಸ್ಬೇಡಿ. ಸಾಯಿಸ್ಬಿಡ್ತಾನೆ. ಎಲ್ಲಿಗಾದ್ರೂ ಹೋಗ್ತೀನಿ, ಅಲ್ಲೀವರ್ಗೂ ಇಲ್ಲೇ ಇರ್ತೀನಿ."

ಅವಳಿಗೆ ಗ್ರೀಕರು ಯಾರೆಂದೂ ಗೊತ್ತಿರಲಿಲ್ಲ. ಚಳಿಗೆ ಬೆಂಕಿ ಬೇಕಿತ್ತು, ಭಯಕ್ಕೆ ಮನುಷ್ಯರ ಮೈ ಬೇಕಿತ್ತು, ಅಷ್ಟೇ. ಆದರೆ ಅದಿತಿ ಪೆನ್ಸಿಲ್ ಕೆಳಗೆ ಹಾಕಿ ಎದ್ದು ನಿಂತಳು. ಅವಳ ಮುಖ ಬಿಳಿಚಿಕೊಂಡಿತ್ತು. ದಡದಡ ಮೆಟ್ಟಿಲಿಳಿದು ಹೋಗಿ ಕುರಿಹಾರ-ಸಾನ್ ಅವರನ್ನು ಕರೆತಂದಳು.

ಅವರು ಬಾಗಿಲಲ್ಲೇ ನಿಂತು ಚೈತ್ರಾಳನ್ನು ನೋಡಿದರು. ಪೊಲೀಸರಿಗೆ ನಾನು ಫೋನ್ ಮಾಡುತ್ತೇನೆ, ನನ್ನ ಒಳಕೋಣೆ ಖಾಲಿ ಇದೆ, ಅಲ್ಲಿಗೂ ಕರೆದುಕೊಂಡು ಹೋಗಬಹುದು ಎಂದರು. ಅದಿತಿ ಒಂದೊಂದೇ ಮಾತನ್ನು ನನಗೆ ಹೇಳಿದಳು. ನನ್ನ ಮನೆಯ ಪಂಚಾಯ್ತಿಯಲ್ಲಿ ಹೊರಗಿನವರು ಬಾಯಿ ಹಾಕಿದ್ದು ನನಗೆ ಹಿಡಿಸಲಿಲ್ಲ.

"ಸುಮಿಮಾಸೆನ್, ಕ್ಷಮಿಸಿ ಅಂತ ಹೇಳು. ಇದು ಫ್ಯಾಮಿಲಿ ಮ್ಯಾಟರ್ರು, ನಾವು ನೋಡ್ಕೋತೀವಿ ಅಂತ ಹೇಳು" ಎಂದೆ.

ಅದಿತಿ ಹೇಳಲಿಲ್ಲ. ನಾನೇ ಹೇಳಿದೆ. ಕುರಿಹಾರ-ಸಾನ್ ತಲೆ ಬಾಗಿಸಿದರು, ಕೆಳಗೆ ಹೋಗಲಿಲ್ಲ, ಮೆಟ್ಟಿಲ ಮೇಲೆ ಕೂತರು.

ನಾಲ್ಕು ಗಂಟೆಗೆ ನಿತಿನ್ ಬಂದ. ಕೈಯಲ್ಲಿ ರಿಬ್ಬನ್ ಕಟ್ಟಿದ ಸ್ಟ್ರಾಬೆರಿ ಕೇಕಿನ ಡಬ್ಬ. ಕುರಿಹಾರ-ಸಾನ್ ಮೆಟ್ಟಿಲಿನಿಂದ ಏಳಲೇ ಇಲ್ಲ, ಅವನು ಅವರ ಪಕ್ಕದಿಂದ ನುಸುಳಿ ಮೇಲೆ ಬರಬೇಕಾಯಿತು. ಒಳಗೆ ಬಂದವನೇ ದೇವರ ಗೂಡಿನ ಮುಂದೆ ಉದ್ದಕ್ಕೆ ಬಿದ್ದ. ಮುರಳಿಯ ಕಾಲು ಹಿಡಿದ. ಆಫೀಸಿನ ಟೆನ್ಷನ್, ತಲೆ ಕೆಟ್ಟಿತ್ತು, ತಾಯಾಣೆ ಇನ್ನು ಕೈ ಎತ್ತಲ್ಲ ಅಕ್ಕ, ಎಂದು ಗೊಳೋ ಎಂದು ಅತ್ತ. ಗಂಡಸು ಅತ್ತರೆ ನಮಗೆ ಕರುಳು ಕಿತ್ತು ಬರುತ್ತದೆ. ಮೂಗಿನ ರಕ್ತ ಒಣಗಿಸಿಕೊಂಡು ಕೂತವಳು ಅಳದೇ ಇದ್ದದ್ದು ನನಗೆ ಸ್ವಲ್ಪ ಹಟವಾಗಿಯೂ ಕಂಡಿತು.

ಮುರಳಿ ನನ್ನನ್ನು ಅಡುಗೆಮನೆಗೆ ಕರೆದು "ಎರಡು ದಿನ ಇಲ್ಲೇ ಇರ್ಲಿ ಗೀತಾ, ಆತುರ ಬೇಡ" ಎಂದ.

"ಎರಡು ದಿನ ಇಟ್ಕೊಂಡ್ರೆ ಊರೆಲ್ಲ ಸುದ್ದಿ ಆಗತ್ತೆ. ಅವಳ ವೀಸಾ ಅವನ ಮೇಲಿದೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ನಿಮಗೆ ಇದೆಲ್ಲ ಗೊತ್ತಾಗಲ್ಲ ಸುಮ್ನಿರಿ" ಎಂದೆ.

ಇಬ್ಬರಿಗೂ ಬಿಸಿಬಿಸಿ ಉಪ್ಪಿಟ್ಟು ಕೊಟ್ಟೆ. ಅವನಿಗೆ ಚೆನ್ನಾಗಿ ಬೈದೆ, ನನ್ನ ಬೈಗುಳದ ಬಗ್ಗೆ ನನಗೇ ಹೆಮ್ಮೆಯಾಯಿತು. ಆಮೇಲೆ ಚೈತ್ರಾಳ ಮುಖ ತೊಳೆಸಿ, ತಲೆ ಬಾಚಿ, ನನ್ನ ಕೋಟು ಹಾಕಿಸಿ, ಅರಿಶಿನ ಕುಂಕುಮ ಕೊಟ್ಟೆ. ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ಅಕ್ಕಿ, ಬೆಲ್ಲ, ನಿಶಿ-ಕಸಾಯ್ ಬಡಾವಣೆಯ ಇಂಡಿಯನ್ ಅಂಗಡಿಯ ತೆಂಗಿನಕಾಯಿ, ಒಂದು ರವಿಕೆ ಕಣ ಇಟ್ಟು ಮಡಿಲು ತುಂಬಿದೆ. ತಲೆಯ ಮೇಲೆ ಅಕ್ಷತೆ ಹಾಕಿದೆ.

"ಹೋಗ್ತೀಯಲ್ಲ ಪುಟ್ಟಾ?"

ಅವಳು ತಲೆ ಆಡಿಸಿದಳು. ಕೂದಲಿನಿಂದ ನಾಲ್ಕು ಅಕ್ಕಿಕಾಳು ಉದುರಿ ಒಲೆಯ ಮೇಲೆ ಬಿದ್ದು ಕರಿದಾದವು. ಒಪ್ಪಿದಳು ಎಂದುಕೊಂಡೆ. ಅದಿತಿ ಮೂಲೆಯಲ್ಲಿ ನಿಂತು ನೋಡುತ್ತಿದ್ದಳು. ಅವರು ಹೋದ ಮೇಲೆ ಕೇಕಿನ ಡಬ್ಬ ಬಿಚ್ಚಿ ಕರೆದೆ, ಅವಳು ಬರಲಿಲ್ಲ.

"ಒಲೆ ಹತ್ರ ಕೂತಿದ್ರಲ್ಲಮ್ಮಾ. ನಿನ್ನ ಮೊಣಕಾಲು ಕೂಡ ಹಿಡ್ಕೊಂಡಿದ್ರಲ್ಲ. ಯಾಕೆ ಕಳಿಸ್ದೆ?"

ಅದು ಆಟ, ಇದು ಸಂಸಾರ ಎಂದು ರೇಗಿದೆ.

ಆರು ದಿನ ಮೆಸೇಜು ಕಳಿಸಿದಾಗಲೆಲ್ಲ ಚೈತ್ರಾಳಿಂದ ಒಂದು ನಗುಮುಖದ ಚಿತ್ರ ಬರುತ್ತಿತ್ತು. ಶನಿವಾರ ಬೆಳಿಗ್ಗೆ ಹತ್ತಕ್ಕೆ, ನನ್ನ ತೀರ್ಪು ಫಲಿಸಿದ್ದನ್ನು ಕಣ್ಣಾರೆ ನೋಡಿ ಬರೋಣವೆಂದು ಸ್ಟೀಲ್ ಕ್ಯಾರಿಯರಿನಲ್ಲಿ ಬಿಸಿಬೇಳೆಬಾತ್ ತುಂಬಿಕೊಂಡು ಹೊರಟೆ. ಅವರ ಮಹಡಿಯ ಲಿಫ್ಟಿನಿಂದ ಇಳಿಯುವಾಗಲೇ ಸದ್ದು ಕೇಳಿತು. ಕೂಗಲ್ಲ. ತೆಂಗಿನಕಾಯಿ ಒಡೆದಂಥ ಸದ್ದು, ಒಂದಾದ ಮೇಲೆ ಒಂದು. ಪಕ್ಕದ ಮನೆಯ ಜಪಾನಿ ಹೆಂಗಸು ಬಾಗಿಲ ಸಂದಿಯಲ್ಲಿ ನಿಂತು ಫೋನಿನಲ್ಲಿ ಪೊಲೀಸರಿಗೆ ವಿಳಾಸ ಹೇಳುತ್ತಿದ್ದಳು. ಬಾಗಿಲು ತಳ್ಳಿದೆ, ಚಿಲಕ ಹಾಕಿರಲಿಲ್ಲ.

ಚೈತ್ರಾ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಬಾಯಿಗೆ ಬಟ್ಟೆ ತುರುಕಿತ್ತು, ನಾನು ಕೊಟ್ಟ ರವಿಕೆ ಕಣ. ಅವನು ಅವಳ ಸೊಂಟದ ಮೇಲೆ ಕಾಲಿಟ್ಟು, ಕಬ್ಬಿಣದ ದೋಸೆ ಕಾವಲಿಯನ್ನು ಎರಡೂ ಕೈಯಲ್ಲಿ ಎತ್ತಿ ಎತ್ತಿ ಅವಳ ಎಡ ಮೊಣಕಾಲಿಗೆ ಹೊಡೆಯುತ್ತಿದ್ದ. "ಓಡು, ಇನ್ನೊಂದ್ಸಲ ಓಡು, ಗೀತಕ್ಕನ ಮನೆಗೆ ಓಡು" ಎನ್ನುತ್ತಿದ್ದ. ದನಿಯಲ್ಲಿ ಏರಿಳಿತವಿರಲಿಲ್ಲ. ಕಾಲು ಬಾಗಬಾರದ ದಿಕ್ಕಿಗೆ ಬಾಗಿತ್ತು. ಚರ್ಮ ಹರಿದು ಬೆಳ್ಳಗೆ ಏನೋ ಕಾಣುತ್ತಿತ್ತು.

ನನ್ನನ್ನು ನೋಡಿ ಅವನು ಅಭ್ಯಾಸಬಲದಿಂದ "ಅಕ್ಕ" ಎಂದ. ಆ ಒಂದು ಮಾತಿಗೆ ನನ್ನ ತಲೆಯೊಳಗೆ ಏನೋ ಕಡಿದುಹೋಯಿತು. ಕ್ಯಾರಿಯರಿನ ಹಿಡಿ ಹಿಡಿದು ಬೀಸಿದೆ. ಹಣೆಗೆ ಬಿತ್ತು. ಅವನು ನನ್ನ ಕುತ್ತಿಗೆಗೆ ಕೈ ಹಾಕಿ ಗೋಡೆಗೆ ಅಪ್ಪಳಿಸಿದ, ನನ್ನ ಹಲ್ಲೊಂದು ಮುರಿದು ನಾಲಿಗೆಯ ಮೇಲೆ ಕೂತಿತು. ಅವನ ಮಣಿಕಟ್ಟು ಕಚ್ಚಿದೆ, ರಕ್ತ ಬರುವವರೆಗೆ ಬಿಡಲಿಲ್ಲ. ಅವನು ಜಾರಿ ಬಿದ್ದ ಮೇಲೂ ಹೊಡೆದೆ. ಕ್ಯಾರಿಯರ್ ನಜ್ಜುಗುಜ್ಜಾಗಿ ಅನ್ನ ಗೋಡೆಗೆಲ್ಲ ಮೆತ್ತಿತು. ಸುಳ್ಳು ಹೇಳಲಾರೆ, ಹೊಡೆಯುವಾಗ ನನಗೆ ಸುಖವಾಯಿತು. ಎತ್ತಿನ ಮೆರವಣಿಗೆಯ ಹೆಂಗಸರ ಹಾಗೆ ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಪೊಲೀಸರು ಬಂದು ನನ್ನ ಕೈ ಹಿಡಿದು ನಿಲ್ಲಿಸಿದರು. ಆಗ ಕೆಳಗೆ ನೋಡಿದೆ. ಚೈತ್ರಾ ಕಣ್ಣು ತೆರೆದಿದ್ದಳು. ಅವಳು ನೋಡುತ್ತಿದ್ದದ್ದು ಅವನನ್ನಲ್ಲ, ನನ್ನನ್ನು.

ಅವನಿಗೆ ಜೈಲಾಯಿತು, ಆಮೇಲೆ ಊರಿಗೆ ಅಟ್ಟಿದರು. ನನ್ನನ್ನೂ ಎರಡು ದಿನ ಕೂರಿಸಿ ಪ್ರಶ್ನೆ ಕೇಳಿದರು. ಚೈತ್ರಾಳಿಗೆ ಮೂರು ಆಪರೇಶನ್. ಆಸ್ಪತ್ರೆಗೆ ಹೋದರೆ ನರ್ಸು ಹೊರಗೆ ಬಂದು, ಪೇಶೆಂಟಿಗೆ ನಿಮ್ಮನ್ನು ನೋಡಲು ಇಷ್ಟವಿಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿದಳು. ಅಲ್ಲಿಂದ ಅವಳನ್ನು ಯಾವುದೋ ಆಶ್ರಯಕ್ಕೆ ಕರೆದೊಯ್ದರು, ವಿಳಾಸ ಯಾರಿಗೂ ಕೊಡುವುದಿಲ್ಲ. ನಮ್ಮ ಜನ ನನ್ನನ್ನು ಹೊಗಳಿದರು. ಗಂಡೆದೆ ಗೀತಕ್ಕನದು ಎಂದರು. ಹೊಗಳಲು ಬಂದವರಿಗೆ ನಾನು ಕಾಫಿಯನ್ನೂ ಕೊಡಲಿಲ್ಲ.

ಒಂದು ಸಂಜೆ ಕೆಳಗಿಳಿದು ಹೋಗಿ ಕುರಿಹಾರ-ಸಾನ್ ಮುಂದೆ ಕೂತೆ. ನಿಮ್ಮ ಗ್ರೀಕರು ಕಳಿಸಬಾರದು ಎಂದಿದ್ದರಲ್ಲ, ಕಳಿಸಿದವರಿಗೆ ಏನಾಗುತ್ತಿತ್ತು ಎಂದು ಕೇಳಿದೆ. ಅವರು ಒಂದು ಕಥೆ ಹೇಳಿದರು. ಅಥೆನ್ಸಿನಲ್ಲಿ ಊರನ್ನು ವಶಪಡಿಸಿಕೊಳ್ಳಲು ಹೋಗಿ ಸೋತ ಕೆಲವರು ದೇವಿಯ ಗುಡಿಯೊಳಗೆ ಆಶ್ರಯ ಪಡೆದರಂತೆ. ಜೀವಕ್ಕೆ ಭಯವಿಲ್ಲ, ಹೊರಗೆ ಬನ್ನಿ ಎಂದು ಊರಿನ ದೊಡ್ಡವರು ಮಾತು ಕೊಟ್ಟರು. ಅವರು ದೇವಿಯ ಮೂರ್ತಿಗೆ ಒಂದು ದಾರ ಕಟ್ಟಿ, ಅದನ್ನು ಹಿಡಿದುಕೊಂಡೇ ಬೆಟ್ಟ ಇಳಿದರು. ದಾರಿಯಲ್ಲಿ ದಾರ ಕಡಿಯಿತು. ನೋಡಿ, ದೇವಿಯೇ ಕೈಬಿಟ್ಟಳು ಎಂದು ಹೇಳಿ ಅವರನ್ನು ಕಲ್ಲು ಹೊಡೆದು ಕೊಂದರು. ಆಮೇಲೆ ಆ ದೊಡ್ಡವರ ಮನೆತನಕ್ಕೇ ಶಾಪ ತಟ್ಟಿತು ಎಂದು ಊರು ನಂಬಿತು. ಬದುಕಿದ್ದವರನ್ನು ಗಡೀಪಾರು ಮಾಡಿದರು, ಸತ್ತವರ ಎಲುಬುಗಳನ್ನೂ ಅಗೆದು ಊರ ಗಡಿಯಾಚೆ ಎಸೆದರು.

"ಕೊಂದವರಿಗೆ ಮಾತ್ರ ಅಲ್ಲವಾ ಶಾಪ?" ಎಂದೆ.

"ಮಾತು ಕೊಟ್ಟು ಹೊರಗೆ ಕರೆದವರಿಗೆ" ಎಂದರು.

ಇದನ್ನು ಅನುವಾದಿಸಲು ಅದಿತಿ ಬೇಕಾಗಲಿಲ್ಲ. ಅವರು ಬಯ್ಯಲಿಲ್ಲ. ತಾವೂ ಮೆಟ್ಟಿಲಿನಿಂದ ಎದ್ದು ಅಡ್ಡ ನಿಲ್ಲಬೇಕಿತ್ತು, ಪೊಲೀಸರಿಗೆ ಫೋನ್ ಮಾಡಬೇಕಿತ್ತು, ಬೇರೆಯವರ ಸಂಸಾರ ಎಂದು ಸಂಕೋಚಪಟ್ಟದ್ದಾಯಿತು ಎಂದು ತಪ್ಪನ್ನು ತಮ್ಮ ಮೇಲೂ ಹಾಕಿಕೊಂಡರು. ಮಾರ್ಚಿನಲ್ಲಿ ಒಲೆಯನ್ನು ಒರೆಸಿ ವಾಪಸ್ಸು ಕೊಟ್ಟೆವು. ಅದಿತಿ ಅದರ ಪಕ್ಕ ಮತ್ತೆಂದೂ ಕೂತಿರಲಿಲ್ಲ. ಆ ವರ್ಷವೇ ಮನೆ ಬದಲಿಸಿದೆವು. ಯಾರಾದರೂ ಜಗಳ ಹೊತ್ತು ತಂದರೆ ಈಗ ನಾನು ಒಂದೇ ಮಾತು ಕೇಳುತ್ತೇನೆ, ಹೊಡೆದಿದ್ದಾನಾ? ಹೌದೆಂದರೆ ಕಾಫಿಗಿಂತ ಮುಂಚೆ ಫೋನು.

ಕೊಂಬಿನಿಯ ಗೋಡೆಗೆ ಒರಗಿ ನಿಂತವಳು ಅಂದು ಫುನಾಬೊರಿಯ ಟ್ರೇನು ಹತ್ತಲಿಲ್ಲ. ಕುರಿಹಾರ-ಸಾನ್ ಈಗ ಇರುವ ವೃದ್ಧಾಶ್ರಮಕ್ಕೆ ಹೋದೆ. ಗೋಡೆಯಲ್ಲಿ ಅದೇ ನಕ್ಷೆ. ಚೈತ್ರಾ ಎಲ್ಲಿದ್ದಾಳೆ ಎಂದು ನಿಮಗೇನಾದರೂ ಗೊತ್ತಾ ಎಂದೆ. ಅವರು ಡ್ರಾಯರಿನಿಂದ ಹೊಸ ವರ್ಷದ ಕಾರ್ಡುಗಳ ಕಟ್ಟು ತೆಗೆದರು. ಅವರು ಆಸ್ಪತ್ರೆಗೆ ಹೋಗಿ ಅವಳನ್ನು ನೋಡಿ ಬರುತ್ತಿದ್ದರಂತೆ. ಅಂದಿನಿಂದ ಪ್ರತಿ ವರ್ಷ ಅವಳಿಂದ ಒಂದು ಕಾರ್ಡು, ಪುಟ್ಟ ಅಕ್ಷರದ ಜಪಾನಿಯಲ್ಲಿ. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. "ಮೊದಲು ಅವಳನ್ನು ಕೇಳುತ್ತೇನೆ" ಎಂದರು. ಎಂಟು ದಿನ ಕಳೆದು ಫೋನ್ ಬಂತು. ಬರಲಿ ಅಂದಿದ್ದಾಳೆ, ಒಬ್ಬರೇ ಬರಬೇಕಂತೆ.

ಒಸಾಕಾದಲ್ಲಿ ಲೋಕಲ್ ಟ್ರೇನಿನ ಕೊನೆಯ ಸ್ಟೇಷನ್ನಿಗೆ ಸ್ವಲ್ಪ ಮುಂಚೆ ಅವಳ ಮನೆ. ಒಂದು ಕೋಣೆ, ಒಂದು ಅಡುಗೆಮನೆ. ಊಟದ ಡಬ್ಬಿ ಕಟ್ಟುವ ಕಡೆ ಕೆಲಸ, ಮಧ್ಯಾಹ್ನ ಎರಡಕ್ಕೆ ಬಿಡುವು. ಕೋಲೂರಿಕೊಂಡು ಬಂದು ಬಾಗಿಲು ತೆಗೆದಳು. ಕೂದಲು ಕತ್ತರಿಸಿದ್ದಳು. ಕಿವಿಯ ಹಾಲೆಯಲ್ಲಿ ಹೊಲಿದ ಗೆರೆ ಕಾಣುತ್ತಿತ್ತು.

"ಬನ್ನಿ. ಅದಿತಿ ಹೇಗಿದಾಳೆ?"

"ಕಾಲೇಜು" ಎಂದೆ. ಅವಳು ಗ್ಯಾಸಿನ ಮೇಲೆ ಹಾಲಿಟ್ಟು, ಒಲೆಯ ಕಟ್ಟೆಗೆ ಒರಗಿ ನಿಂತಳು. ನಾನು ಬ್ಯಾಗು ಕೆಳಗಿಟ್ಟು ಹಾಗೇ ನೆಲಕ್ಕೆ ಕುಸಿದೆ. ಅವಳ ಎರಡೂ ಮೊಣಕಾಲನ್ನು ತಬ್ಬಿ ಹಿಡಿದೆ.

"ತಪ್ಪಾಯ್ತು ಚೈತ್ರಾ. ನಂಬಿ ಬಂದವಳನ್ನ ಕಳಿಸ್ಬಿಟ್ಟೆ. ಅವನು ಹೊಡೀತಾನೆ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಕಳಿಸ್ದೆ."

ಅವಳು ಏಳಿ ಎನ್ನಲಿಲ್ಲ. ಪರವಾಗಿಲ್ಲ ಎಂದೂ ಅನ್ನಲಿಲ್ಲ. ಹಾಲು ಉಕ್ಕಿ ಬಂತು, ಕೈ ಚಾಚಿ ಗ್ಯಾಸು ಆರಿಸಿದಳು.

"ಎಡಗಾಲು ಬಿಡಿ ಅಕ್ಕ. ಅದ್ರೊಳಗೆ ಸ್ಟೀಲ್ ಪ್ಲೇಟಿದೆ, ಚಳಿಗೆ ಮುಟ್ಟಿದ್ರೆ ಪ್ರಾಣ ಹೋಗತ್ತೆ."

ಬೆಂಕಿ ಮುಟ್ಟಿದವಳ ಹಾಗೆ ಎರಡೂ ಕೈ ಹಿಂದಕ್ಕೆಳೆದುಕೊಂಡೆ. ಅವಳು ಕೋಲನ್ನು ಗೋಡೆಗೆ ಒರಗಿಸಿದಳು.

"ಬಲಗಾಲು ಹಿಡ್ಕೊಳ್ಳಿ" ಎಂದಳು.